ಓದುವವರನ್ನ ಯಾರೂ ಕೇಳಲಿಲ್ಲ

(1)

ಹೋದ ತಿಂಗಳು ನಾನಿಲ್ಲಿ ಒಂದು ಫೋಟೊ ಹಾಕಿದ್ದೆ, ನೆನಪಿದೆಯಾ? ಕನ್ನಡಕದ ಡಾಕ್ಟರ್ ಒಬ್ಬರು ಕಾಮಿಕ್ಸ್ ಪುಸ್ತಕ ಬಿಡಿಸಿ ಹಿಡ್ಕೊಂಡು, ಅದರೊಳಗೆ ಹಾವೇನೋ ಕಂಡಂತೆ ನೋಡ್ತಿರೋ ಕಪ್ಪು-ಬಿಳುಪು ಚಿತ್ರ. ಕೆಳಗೆ ‘ಕಾಮಿಕ್ಸನ್ನ ಕೊಂದ ಮನುಷ್ಯ’ ಅಂತ ಬರೆದು, ಎರಡು ಸಾಲು ಬೈದು ಬಿಟ್ಟಿದ್ದೆ. ನೀವೆಲ್ಲ ಚೆನ್ನಾಗೇ ಲೈಕ್ ಒತ್ತಿದ್ರಿ. ನಮ್ಮ ಕ್ಲಾಸಿನ ಗ್ರೂಪಲ್ಲೂ ಓಡಾಡ್ತು. ರಾತ್ರಿ ಹತ್ತೂವರೆಗೆ ಫಸ್ಟ್ ಇಯರ್ ಹುಡುಗಿ ಒಬ್ಬಳು ಒಂದೇ ಸಾಲು ಕಳಿಸಿದಳು: ‘ಅಣ್ಣಾ, ಇವರ ಪುಸ್ತಕ ನೀವು ಓದಿದ್ದೀರಾ?’

ಓದಿರಲಿಲ್ಲ. ಒಂದು ವಿಡಿಯೋ ನೋಡಿದ್ದೆ, ಅಷ್ಟೆ. ಇತಿಹಾಸ ಓದೋ ಹುಡುಗ ನಾನು, ಪರೀಕ್ಷೆಯಲ್ಲಿ ಮೂಲ ಆಕರ, ದ್ವಿತೀಯ ಆಕರ ಅಂತ ಪುಟಗಟ್ಟಲೆ ಬರೆದು ಬಂದವನು. ಆ ಮೆಸೇಜಿಗೆ ಮೂರು ದಿನ ಉತ್ತರ ಕೊಡಲಿಲ್ಲ. ಬ್ಲೂ ಟಿಕ್ ಬಿದ್ದಿತ್ತು, ಅವಳಿಗೂ ಗೊತ್ತು.

ರಜೆಯಲ್ಲಿ ಸ್ಕ್ಯಾನ್ ಪ್ರತಿ ಹುಡುಕಿ ಓದಿದೆ. ಹತ್ತಿರ ಹತ್ತಿರ 400 ಪುಟ. ಹೆಸರು ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’, ಮುಗ್ಧರನ್ನ ಮರುಳು ಮಾಡುವುದು ಅಂತ ಅರ್ಥ ಮಾಡ್ಕೊಳ್ಳಿ. ಬಂದದ್ದು 1954ರ ಏಪ್ರಿಲ್‌ನಲ್ಲಿ. ಬರೆದವರು ಫ್ರೆಡ್ರಿಕ್ ವರ್ಥಮ್, ನ್ಯೂಯಾರ್ಕಿನ ಮನೋವೈದ್ಯರು. ಅದಾದ ಮೇಲೆ ಆ ಪುಸ್ತಕವನ್ನ ಯಾರ್ಯಾರು ಓದಿದ್ರು, ಏನಂದ್ರು, ಯಾರನ್ನ ಕೇಳಲೇ ಇಲ್ಲ ಅಂತ ಹುಡುಕ್ತಾ ಹೋದೆ. ನನ್ನ ಹಳೇ ಪೋಸ್ಟ್ ಪೂರ್ತಿ ಸುಳ್ಳಲ್ಲ. ಆದ್ರೆ ನಿಜವೂ ಅಲ್ಲ. ಈ ಸರಣಿ ಅದರ ತಿದ್ದುಪಡಿ.

(2)

ಮೊದಲು ಆ ಕಾಲ ಹೇಗಿತ್ತು ನೋಡಿ. ಅಮೆರಿಕದಲ್ಲಿ ಟಿವಿ ಇನ್ನೂ ಮನೆಮನೆಗೆ ಬಂದಿರಲಿಲ್ಲ. ಕಾಮಿಕ್ಸ್ ಒಂದಕ್ಕೆ 10 ಸೆಂಟ್. ಔಷಧಿ ಅಂಗಡಿ, ಪೇಪರ್ ಅಂಗಡಿ, ಎಲ್ಲ ಕಡೆ ತಂತಿ ಸ್ಟ್ಯಾಂಡಿಗೆ ನೇತಾಕಿರೋರು. ತಿಂಗಳಿಗೆ ಕೋಟಿಗಟ್ಟಲೆ ಪ್ರತಿ ಮಾರಾಟ. ಒಂದು ಪುಸ್ತಕ ಐದಾರು ಕೈ ದಾಟೋದು, ಥೇಟ್ ನಮ್ಮ ಹಾಸ್ಟೆಲಲ್ಲಿ ಪೆನ್ ಡ್ರೈವ್ ದಾಟ್ತಿತ್ತಲ್ಲ, ಹಾಗೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಸೂಪರ್‌ಹೀರೋಗಳ ಮೋಡಿ ಇಳೀತು. ಜಾಗಕ್ಕೆ ಕ್ರೈಮ್ ಬಂತು, ಆಮೇಲೆ ಹಾರರ್ ಬಂತು. ಕೆಲವು ನಿಜಕ್ಕೂ ಹೊಲಸು, ಅದನ್ನ ಮುಚ್ಚಿಡೋದು ಬೇಡ.

1948ರ ಮಾರ್ಚ್‌ನಲ್ಲಿ ‘ಕೋಲಿಯರ್ಸ್’ ಪತ್ರಿಕೆಯಲ್ಲಿ ಒಂದು ಲೇಖನ: ಮಕ್ಕಳ ಕೋಣೆಯಲ್ಲಿ ಭಯಾನಕ ಅನ್ನೋ ಅರ್ಥದ ತಲೆಬರಹ, ಒಳಗೆ ವರ್ಥಮ್ ಅವರ ಮಾತುಗಳು. ಬರೆದವರು ಜೂಡಿತ್ ಕ್ರಿಸ್ಟ್. ಸಿನಿಮಾ ಹುಚ್ಚರಿಗೆ ಈ ಹೆಸರು ಗೊತ್ತಿರಬಹುದು, ಮುಂದೆ ಅಮೆರಿಕದ ದೊಡ್ಡ ಚಿತ್ರವಿಮರ್ಶಕಿ ಆದರು. ಆಗಿನ್ನೂ ವರದಿಗಾರ್ತಿ. ಎರಡು ತಿಂಗಳಿಗೆ ವರ್ಥಮ್ ತಾವೇ ‘ಸ್ಯಾಟರ್ಡೇ ರಿವ್ಯೂ’ದಲ್ಲಿ ಬರೆದರು. ಅವರ ವಾದ ಸರಳ: ನಾನು ನೋಡಿದ ತಪ್ಪು ದಾರಿಯ ಮಕ್ಕಳೆಲ್ಲ ಕಾಮಿಕ್ಸ್ ಓದೋರು, ಆದ್ದರಿಂದ ಕಾಮಿಕ್ಸೇ ಕಾರಣ.

ಇಲ್ಲಿ ನಿಮಗೇ ನಗು ಬರಬೇಕು. ಆಗ ಎಲ್ಲ ಮಕ್ಕಳೂ ಓದ್ತಿದ್ರು. ತಪ್ಪು ದಾರಿ ಹಿಡಿದ ಮಕ್ಕಳೆಲ್ಲ ಹಾಲು ಕುಡೀತಿದ್ರು ಅಂತಲೂ ಹೇಳಬಹುದಿತ್ತು.

ಆದ್ರೆ ಆಗ ಯಾರೂ ನಗಲಿಲ್ಲ. ಅದೇ ವರ್ಷ ಅಕ್ಟೋಬರಲ್ಲಿ ವೆಸ್ಟ್ ವರ್ಜೀನಿಯಾದ ಸ್ಪೆನ್ಸರ್ ಅನ್ನೋ ಸಣ್ಣ ಊರಲ್ಲಿ ಶಾಲೆ ಮಕ್ಕಳಿಂದಲೇ ಸುಮಾರು 2,000 ಕಾಮಿಕ್ಸ್ ಗುಡ್ಡೆ ಹಾಕಿಸಿ ಬೆಂಕಿ ಇಟ್ಟರು. ಡಿಸೆಂಬರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲೂ ಹಾಗೇ ಆಯ್ತು. ಜರ್ಮನಿಯಲ್ಲಿ ನಾಜಿಗಳು ಪುಸ್ತಕ ಸುಟ್ಟು ಆಗಿನ್ನೂ 15 ವರ್ಷ ಚಿಲ್ಲರೆ ಆಗಿತ್ತು, ಅಷ್ಟೆ.

(3)

ಈ ಭಾಗ ನನಗೆ ತುಂಬ ಇಷ್ಟ.

ವರ್ಥಮ್ ಲೇಖನಕ್ಕೆ ಅದೇ ‘ಸ್ಯಾಟರ್ಡೇ ರಿವ್ಯೂ’ಗೆ ಒಂದು ಕಾಗದ ಬಂತು. 1948ರ ಜುಲೈ 24ರ ಸಂಚಿಕೆಯಲ್ಲಿ ಅಚ್ಚಾಯ್ತು. ಬರೆದದ್ದು ವಾಷಿಂಗ್ಟನ್‌ನ ಡೇವಿಡ್ ಪೇಸ್ ವಿಗ್ರಾನ್ಸ್‌ಕಿ. ವಯಸ್ಸು 14. ಅವನ ಹತ್ತಿರ ಇದ್ದ ಕಾಮಿಕ್ಸ್ ಎಷ್ಟು ಗೊತ್ತಾ? 5,212. ಎಣಿಸಿ ಇಟ್ಕೊಂಡಿದ್ದ. ಕಾಗದದ ಜೊತೆ ಅವನ ಫೋಟೊವೂ ಬಂತು, ತನ್ನ ಸಂಗ್ರಹದ ಜೊತೆ.

ಹುಡುಗ ಅಳಲಿಲ್ಲ, ಬೈಯಲೂ ಇಲ್ಲ, ವಾದ ಮಾಡಿದ. ಕಾಮಿಕ್ ಪುಸ್ತಕಗಳೇ ಹುಟ್ಟಿರದ ಕಾಲದಲ್ಲೂ ಚೆನ್ನಾಗಿ ಓದಿದ, ದೊಡ್ಡ ಮನೆತನದ ಹುಡುಗರು ಕೊಲೆ ಮಾಡಿದ್ದಾರಲ್ಲ, ಅವರಿಗೆ ಯಾವ ಪುಸ್ತಕ ಕಲಿಸಿತು ಅಂತ ಕೇಳಿದ. ಕೋಟ್ಯಂತರ ಮಕ್ಕಳು ಓದಿ ಸುಮ್ಮನೆ ಮಲಗ್ತಾರೆ, ಅವರ ಬಗ್ಗೆ ಯಾಕೆ ಯಾರೂ ಬರೆಯಲ್ಲ ಅನ್ನೋ ಧಾಟಿ. ದೊಡ್ಡವರು ಓದೋ ಪತ್ರಿಕೆಯಲ್ಲಿ, ದೊಡ್ಡವರ ಭಾಷೆಯಲ್ಲಿ, ಮೀಸೆ ಬರದ ಹುಡುಗ.

ಕಾಮಿಕ್ಸ್ ಬಗ್ಗೆ ಆಗ ಡಾಕ್ಟರ್‌ಗಳು, ಪಾದ್ರಿಗಳು, ಸೆನೆಟರ್‌ಗಳು, ತಾಯಂದಿರ ಸಂಘಗಳು ಎಲ್ಲರೂ ಅಭಿಪ್ರಾಯ ಹೇಳಿದರು. 5,212 ಓದಿದವನು ಇವನೊಬ್ಬನೇ. ನಮ್ಮ ಟೆಕ್ಸ್ಟ್‌ಬುಕ್ಕುಗಳಲ್ಲಿ ‘ಜನಾಭಿಪ್ರಾಯ’ ಅಂತ ಒಂದು ಪದ ಬರುತ್ತಲ್ಲ, ಅದನ್ನ ಕಂಡಾಗಲೆಲ್ಲ ನನಗೀಗ ಇವನು ನೆನಪಾಗ್ತಾನೆ.

(4)

ಈಗ ಆ ಡಾಕ್ಟರ್ ಕಡೆ ಬರೋಣ. ನಾನು ಹಳೇ ಪೋಸ್ಟಲ್ಲಿ ಅವರನ್ನ ರಾಕ್ಷಸನ ಹಾಗೆ ಚಿತ್ರಿಸಿದ್ದೆ. ಹಾಗಲ್ಲ ಅವರು.

ವರ್ಥಮ್ ಹುಟ್ಟಿದ್ದು 1895ರಲ್ಲಿ, ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ. 1922ರಲ್ಲಿ ಅಮೆರಿಕಕ್ಕೆ ಬಂದರು. ಆಗ ಅಲ್ಲಿ ಕಪ್ಪು ಜನರಿಗೆ ಮಾನಸಿಕ ಚಿಕಿತ್ಸೆ ಅನ್ನೋದೇ ಗಗನಕುಸುಮ. ಹೆಚ್ಚಿನ ಆಸ್ಪತ್ರೆಗಳು ಬಾಗಿಲೇ ತೆರೀತಿರಲಿಲ್ಲ. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಒಂದು ಚರ್ಚಿನ ಕಟ್ಟಡದ ನೆಲಮಾಳಿಗೆಯಲ್ಲಿ, ವರ್ಥಮ್ ಮತ್ತು ಅವರ ಗೆಳೆಯರು ‘ಲಫಾರ್ಗ್ ಕ್ಲಿನಿಕ್’ ತೆರೆದರು. ಫೀಸು 25 ಸೆಂಟ್. ಅದರಲ್ಲಿ ಕೆಲಸ ಮಾಡ್ತಿದ್ದವರು ಸಂಬಳ ತಗೊಳ್ತಿರಲಿಲ್ಲ. ಕಾದಂಬರಿಕಾರ ರಿಚರ್ಡ್ ರೈಟ್ ಇದಕ್ಕೆ ಬೆನ್ನೆಲುಬಾಗಿ ನಿಂತಿದ್ದರು.

ಇನ್ನೊಂದು ವಿಷಯ. 1951ರಲ್ಲಿ ಡೆಲವೇರ್ ರಾಜ್ಯದಲ್ಲಿ ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆ ಬೇರೆ ಶಾಲೆ ಯಾಕೆ ಅಂತ ಕೇಸ್ ನಡೀತು. ಎರಡೂ ಕಡೆಯ ಮಕ್ಕಳನ್ನ ಕ್ಲಿನಿಕ್ಕಿಗೆ ಕರೆಸಿ ಮಾತಾಡಿಸಿ, ಈ ಬೇರ್ಪಡಿಸುವಿಕೆಯೇ ಮಕ್ಕಳ ಮನಸ್ಸಿಗೆ ಗಾಯ ಮಾಡ್ತಿದೆ ಅಂತ ಕೋರ್ಟಲ್ಲಿ ಸಾಕ್ಷಿ ಹೇಳಿದವರು ಇದೇ ವರ್ಥಮ್. ಆ ಕೇಸು ಮುಂದೆ ‘ಬ್ರೌನ್ ವರ್ಸಸ್ ಬೋರ್ಡ್ ಆಫ್ ಎಜುಕೇಶನ್’ ಒಳಗೆ ಸೇರಿತು. ಶಾಲೆಗಳಲ್ಲಿ ಬಣ್ಣದ ಗೋಡೆ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1954ರ ಮೇ 17ರಂದು. ಕಾಮಿಕ್ಸ್ ಪುಸ್ತಕ ಬಂದು ಒಂದು ತಿಂಗಳಿಗೆ.

ನಂಬಿ, ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಇಷ್ಟು ಒಳ್ಳೆ ಕೆಲಸ ಮಾಡಿದವರೇ ಅಷ್ಟು ಕೆಟ್ಟ ಪುಸ್ತಕ ಹೇಗೆ ಬರೆದರು?

(5)

ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ, ಈಗ ಓದಿದ ಮೇಲೆ.

ಒಂದು, ಭಾಷೆ ಸಕ್ಕತ್ತಾಗಿದೆ. ಇದನ್ನ ಒಪ್ಪಿಕೊಳ್ಳೋಕೆ ಕಷ್ಟ ಆಯ್ತು. ಹತ್ತಿರ ಕೂತು ಗುಟ್ಟು ಹೇಳೋ ಹಾಗೆ ಬರೀತಾರೆ. ಒಂದು ಮಗುವಿನ ಕಥೆ, ಅದರ ಬೆನ್ನಿಗೆ ಒಂದು ಕಾಮಿಕ್ಸಿನ ಭೀಕರ ದೃಶ್ಯ, ಮತ್ತೆ ಇನ್ನೊಂದು ಮಗು. ನಡುನಡುವೆ ಚಿತ್ರಗಳು. ಮಕ್ಕಳಿಗೆ ತೋರಿಸಬಾರದು ಅಂತ ಹೇಳೋ ಚಿತ್ರಗಳನ್ನೇ ಆರಿಸಿ ಆರಿಸಿ ಅಚ್ಚು ಹಾಕಿದ್ದಾರೆ, ಅದೊಂದು ತಮಾಷೆ.

ಎರಡು, ಅವರು ಹೇಳಿದ್ದೆಲ್ಲ ಬುರುಡೆ ಅಲ್ಲ. ಕಾಡಿನ ಕಥೆಗಳಲ್ಲಿ ಕಪ್ಪು ಜನರನ್ನ ಮೃಗಗಳ ಹಾಗೆ ಬರೀತಾರೆ, ಬಣ್ಣ ಬೇರೆ ಇದ್ದವರೆಲ್ಲ ಖಳರು, ಹೆಂಗಸರಿಗೆ ಹೊಡೆಯೋದು ಮಜಾ ಅನ್ನೋ ಹಾಗಿದೆ ಅಂತ 1954ರಲ್ಲೇ ಬರೆದಿದ್ದಾರೆ. ನಾವು ಇವತ್ತು ಹಳೇ ಸಿನಿಮಾ ನೋಡಿ ಹೇಳ್ತೀವಲ್ಲ, ಅದೇ ಮಾತು.

ಮೂರು, ಆಧಾರ ಕೇಳಿದ್ರೆ ಸಿಗಲ್ಲ. ಇಂಥ ಹುಡುಗ ಇಂಥ ಮಾತು ಹೇಳಿದ ಅಂತ ಇರುತ್ತೆ. ಯಾವಾಗ, ಯಾರ ಹತ್ತಿರ, ಎಷ್ಟು ಮಕ್ಕಳಲ್ಲಿ ಎಷ್ಟು, ಏನೂ ಇಲ್ಲ. ಹೆಸರಿಸಿದ ಕಾಮಿಕ್ಸುಗಳ ಪಟ್ಟಿ ಕೊನೆಯ ಹಾಳೆಯಲ್ಲಿ ಇತ್ತು, ಆದ್ರೆ ಕೇಸ್ ಬೀಳುತ್ತೆ ಅನ್ನೋ ಭಯಕ್ಕೆ ಪ್ರಕಾಶಕರು ಅದನ್ನ ಕತ್ತರಿಸಿ ತೆಗೆದರು. ಹೆಚ್ಚಿನ ಪ್ರತಿಗಳಲ್ಲಿ ಆ ಹಾಳೆ ಇಲ್ಲ.

ಬ್ಯಾಟ್‌ಮ್ಯಾನ್ ಮತ್ತು ರಾಬಿನ್ ಒಟ್ಟಿಗೆ ಇರೋದು ಸಲಿಂಗಿಗಳ ಕನಸು ಅಂತ ಅವರು ಬರೆದದ್ದು ನಿಮಗೆ ಗೊತ್ತಿರಬಹುದು, ಆ ಮಾತು ಇವತ್ತಿಗೂ ಮೀಮ್ ಆಗಿ ಬದುಕಿದೆ. ಆಗ ಅದು ಮೀಮ್ ಅಲ್ಲ. ಸಲಿಂಗಿ ಅಂತ ಗೊತ್ತಾದ್ರೆ ಕೆಲಸ ಹೋಗ್ತಿದ್ದ ಕಾಲ ಅದು. ಬ್ಲೂ ಬೀಟಲ್ ಅನ್ನೋ ಹೀರೋ ಹುಳುವಾಗಿ ಬದಲಾಗ್ತಾನೆ, ಮಕ್ಕಳಿಗೆ ಕೆಟ್ಟ ಕನಸು ಬೀಳುತ್ತೆ ಅಂತಲೂ ಇದೆ. ಬ್ಲೂ ಬೀಟಲ್ ಹುಳು ಅಲ್ಲಪ್ಪ! ನೀಲಿ ಬಟ್ಟೆ ಹಾಕಿದ ಮನುಷ್ಯ. ಎರಡು ಪುಟ ತಿರುವಿ ಹಾಕಿದ್ರೆ ಗೊತ್ತಾಗ್ತಿತ್ತು. ಓದದೇ ಅಭಿಪ್ರಾಯ ಹೇಳೋ ಅಭ್ಯಾಸ ನನ್ನೊಬ್ಬನದ್ದಲ್ಲ ಅಂತ ಇಲ್ಲಿ ಸ್ವಲ್ಪ ಸಮಾಧಾನ ಆಯ್ತು.

(6)

1954ರ ಏಪ್ರಿಲ್ 21. ನ್ಯೂಯಾರ್ಕಿನ ಫೋಲಿ ಸ್ಕ್ವೇರ್ ಕೋರ್ಟ್ ಕಟ್ಟಡ. ಬಾಲಾಪರಾಧದ ಬಗ್ಗೆ ಸೆನೆಟ್ ಉಪಸಮಿತಿಯ ವಿಚಾರಣೆ. ಒಂದೇ ದಿನ ವರ್ಥಮ್ ಸಾಕ್ಷಿ, ಇ.ಸಿ. ಕಾಮಿಕ್ಸಿನ ಮಾಲೀಕ ವಿಲಿಯಂ ಗೇನ್ಸ್ ಸಾಕ್ಷಿ. ಆಗ ಹಾರರ್ ಅಂದ್ರೆ ಇ.ಸಿ.ಯೇ. ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ಅವರದ್ದೇ.

ಸ್ವೈಪ್ ಮಾಡಿದ್ರೆ ಆ ಕುಖ್ಯಾತ ಮುಖಪುಟ ಇದೆ: ‘ಕ್ರೈಮ್ ಸಸ್ಪೆನ್‌ಸ್ಟೋರೀಸ್’ 22ನೇ ಸಂಚಿಕೆ. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ಕತ್ತರಿಸಿದ ತಲೆ. (ಬೇಡ ಅನ್ನೋರು ಸ್ವೈಪ್ ಮಾಡಬೇಡಿ.) ಸೆನೆಟರ್ ಕೆಫಾವರ್ ಇದನ್ನ ಎತ್ತಿ ಹಿಡಿದು, ಇದು ಒಳ್ಳೆ ಅಭಿರುಚಿಯೇ ಅಂತ ಕೇಳಿದರು. ಗೇನ್ಸ್ ಹೌದು ಅಂದುಬಿಟ್ಟ. ಹಾರರ್ ಕಾಮಿಕ್ಸಿನ ಮುಖಪುಟಕ್ಕೆ ಇದು ಸರಿಯಾಗೇ ಇದೆ, ತಲೆಯನ್ನ ಇನ್ನಷ್ಟು ಮೇಲೆತ್ತಿ ರಕ್ತ ತೊಟ್ಟಿಕ್ಕೋದು ತೋರಿಸಿದ್ರೆ ಕೆಟ್ಟ ಅಭಿರುಚಿ ಆಗ್ತಿತ್ತು ಅಂತ ವಿವರಿಸಿದ. ಮರುದಿನದ ಪೇಪರ್‌ಗಳಿಗೆ ಇನ್ನೇನು ಬೇಕು.

ಗೇನ್ಸ್ ತನ್ನ ಓದುಗರಿಗೆ ಕಾಮಿಕ್ಸಿನಲ್ಲೇ ತುರ್ತು ಪ್ರಕಟಣೆ ಹಾಕಿದ: ನೀವೇ ಸಮಿತಿಗೆ ಕಾಗದ ಬರೀರಿ. ಬರೆದರು. ಪೆನ್ಸಿಲ್‌ನಲ್ಲಿ, ನೋಟ್‌ಬುಕ್ ಹಾಳೆಯಲ್ಲಿ. ನಾನು ಇವನ್ನ ಓದ್ತೀನಿ, ನಾನು ಕಳ್ಳನಾಗಿಲ್ಲ, ಶಾಲೆಯಲ್ಲಿ ಚೆನ್ನಾಗೇ ಇದೀನಿ ಅನ್ನೋ ಥರದ ಮಾತುಗಳು. ಆ ಕಾಗದಗಳು ಅಮೆರಿಕದ ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಉಳಿದಿವೆ. ವಿಚಾರಣೆ ನಡೆದದ್ದು ಏಪ್ರಿಲ್ 21, 22, ಮತ್ತೆ ಜೂನ್ 4, ಮೂರು ದಿನ. ಡಾಕ್ಟರ್‌ಗಳು, ಪ್ರಕಾಶಕರು, ಚಿತ್ರಕಾರರು, ವಿತರಕರು, ಸರ್ಕಾರಿ ಅಧಿಕಾರಿಗಳು ಸಾಕ್ಷಿ ಹೇಳಿದರು. ಎಲ್ಲರೂ ದೊಡ್ಡವರು.

(7)

ದೊಡ್ಡವರಲ್ಲೂ ಒಂದೇ ಅಭಿಪ್ರಾಯ ಇರಲಿಲ್ಲ. ಸಮಾಜಶಾಸ್ತ್ರ ಓದೋ ಗೆಳೆಯರೇ, ಸಿ. ರೈಟ್ ಮಿಲ್ಸ್ ಗೊತ್ತಲ್ಲ, ನಿಮ್ಮ ಸಿಲಬಸ್ಸಿನವರು, ಅವರು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವರ್ಥಮ್ ಪುಸ್ತಕವನ್ನ ಹೊಗಳಿ ವಿಮರ್ಶೆ ಬರೆದರು. ಫ್ರೆಡ್ರಿಕ್ ಥ್ರಾಶರ್ ಅನ್ನೋ ಅಪರಾಧಶಾಸ್ತ್ರಜ್ಞರು 1949ರಲ್ಲೇ ಇವರ ವಿಧಾನ ಸರಿಯಿಲ್ಲ, ಇದು ಕಾರಣ ಹುಡುಕೋದಲ್ಲ, ಬಲಿಪಶು ಹುಡುಕೋದು ಅಂತ ಎಚ್ಚರಿಸಿದ್ದರು.

ನನಗೆ ಹಿಡಿಸಿದ್ದು ರಾಬರ್ಟ್ ವಾರ್ಶೋ. ಇವರು ಸಿನಿಮಾ ಮತ್ತು ಜನಪ್ರಿಯ ಕಲೆಗಳ ಬಗ್ಗೆ ಬರೀತಿದ್ದ ವಿಮರ್ಶಕ. ಮಗ ಪಾಲ್‌ಗೆ 11 ವರ್ಷ, ಇ.ಸಿ. ಅಭಿಮಾನಿ ಸಂಘದ ಸದಸ್ಯ. ಅಪ್ಪ 1954ರ ಜೂನ್‌ನಲ್ಲಿ ‘ಕಾಮೆಂಟರಿ’ ಪತ್ರಿಕೆಗೆ ಬರೆದ ಪ್ರಬಂಧ ನಾನು ಓದಿದ ಅತ್ಯಂತ ಪ್ರಾಮಾಣಿಕ ಬರವಣಿಗೆಗಳಲ್ಲಿ ಒಂದು. ಮಗನ ಕಾಮಿಕ್ಸನ್ನ ತಾನೂ ಕೂತು ಓದ್ತಾನೆ. ಕೆಲವು ಕಡೆ ನಗ್ತಾನೆ. ಆದ್ರೂ ಇವನು ಇದನ್ನ ಓದದಿದ್ರೆ ಒಳ್ಳೇದಿತ್ತು ಅನ್ಸುತ್ತೆ ಅವನಿಗೆ. ಹಾಗಂತ ವರ್ಥಮ್ ಮಾತನ್ನೂ ನಂಬಲ್ಲ. ಆ ಪುಸ್ತಕವೇ ಅಪ್ಪ-ಅಮ್ಮಂದಿರಿಗಾಗಿ ಬರೆದ ಒಂದು ಕ್ರೈಮ್ ಕಾಮಿಕ್ಸ್ ಇದ್ದ ಹಾಗಿದೆ ಅಂತಾನೆ: ಅಲ್ಲೂ ಖಳ ಒಬ್ಬನೇ, ಅಲ್ಲೂ ಎಲ್ಲ ಕಪ್ಪು ಇಲ್ಲಾ ಬಿಳಿ.

ಗಮನಿಸಿ, ಇಡೀ ಗಲಾಟೆಯಲ್ಲಿ ಮಗನ ಜೊತೆ ಕೂತು ಮಾತಾಡಿ, ಅವನನ್ನೂ ಒಂದು ಪಾತ್ರ ಮಾಡಿ ಬರೆದ ವಿಮರ್ಶಕ ಈತ. ಮರುವರ್ಷವೇ ವಾರ್ಶೋ ತೀರಿಕೊಂಡ. ಇನ್ನೂ 37 ವರ್ಷ.

(8)

ಸೆನೆಟ್ ಸಮಿತಿ 1955ರ ವರದಿಯಲ್ಲಿ ಕಾನೂನು ಮಾಡಿ ಅಂತ ಕೇಳಲಿಲ್ಲ, ಉದ್ಯಮವೇ ತನ್ನನ್ನ ತಿದ್ದಿಕೊಳ್ಳಲಿ ಅಂದಿತು. ಆದ್ರೆ ಅಷ್ಟೊತ್ತಿಗೆ ಪ್ರಕಾಶಕರು ಹೆದರಿ ಹೋಗಿದ್ದರು. 1954ರ ಅಕ್ಟೋಬರ್‌ನಲ್ಲೇ ಅವರೇ ಸೇರಿ ‘ಕಾಮಿಕ್ಸ್ ಕೋಡ್’ ಮಾಡಿಕೊಂಡರು. ಮುಖಪುಟದ ಮೂಲೆಯಲ್ಲಿ ಒಂದು ಮುದ್ರೆ. ಮುದ್ರೆ ಇಲ್ಲದ್ದನ್ನ ವಿತರಕರು ಮುಟ್ಟಲ್ಲ. ಹೆಸರಲ್ಲಿ ‘ಹಾರರ್’, ‘ಟೆರರ್’ ಅನ್ನೋ ಪದ ಇರಬಾರದು. ರಕ್ತಪಿಶಾಚಿ, ತೋಳಮನುಷ್ಯ, ನಡೆಯೋ ಹೆಣ, ಯಾವುದೂ ಬೇಡ. ಪೊಲೀಸರು, ಜಡ್ಜ್‌ಗಳು, ಸರ್ಕಾರಿ ಅಧಿಕಾರಿಗಳ ಬಗ್ಗೆ ಅಗೌರವ ಹುಟ್ಟೋ ಹಾಗೆ ಬರೆಯಲೇಬಾರದು. ಈ ಕೊನೇದನ್ನ ಇನ್ನೊಂದು ಸಲ ಓದಿ. ಮಕ್ಕಳ ರಕ್ಷಣೆಗೆ ಅಂತ ಶುರುವಾದ ನಿಯಮದೊಳಗೆ ಇದು ಎಲ್ಲಿಂದ ಬಂತು?

ಡೇವಿಡ್ ಹಾಜ್ಡು ಅವರ ‘ದಿ ಟೆನ್-ಸೆಂಟ್ ಪ್ಲೇಗ್’ (2008) ಪುಸ್ತಕದ ಕೊನೆಗೆ ಒಂದು ಉದ್ದನೆಯ ಪಟ್ಟಿ ಇದೆ, ಆ ವರ್ಷಗಳ ನಂತರ ಕಾಮಿಕ್ಸಿನಲ್ಲಿ ಮತ್ತೆ ಕೆಲಸ ಮಾಡದ 800ಕ್ಕೂ ಹೆಚ್ಚು ಚಿತ್ರಕಾರರು, ಲೇಖಕರ ಹೆಸರು. ಒಂದೊಂದಾಗಿ ಅಚ್ಚಾಗಿವೆ. ಸುಮ್ಮನೆ ಕಣ್ಣಾಡಿಸಿದ್ರೂ ಹೊಟ್ಟೆ ಹಿಂಡುತ್ತೆ.

ಈಗ ‘ಜಡ್ಜ್‌ಮೆಂಟ್ ಡೇ’ ಕಥೆ. ಇ.ಸಿ. ಇದನ್ನ 1953ರಲ್ಲಿ ಪ್ರಕಟಿಸಿತ್ತು. ಭೂಮಿಯಿಂದ ಒಬ್ಬ ಗಗನಯಾತ್ರಿ ರೋಬೋಟ್‌ಗಳ ಗ್ರಹಕ್ಕೆ ಹೋಗ್ತಾನೆ. ಅಲ್ಲಿ ಕಿತ್ತಳೆ ರೋಬೋಟ್‌ಗಳಿಗೆ ಒಂದು ನ್ಯಾಯ, ನೀಲಿ ರೋಬೋಟ್‌ಗಳಿಗೆ ಇನ್ನೊಂದು. ನೀವಿನ್ನೂ ನಮ್ಮ ಜೊತೆ ಸೇರೋಕೆ ತಯಾರಿಲ್ಲ ಅಂತ ಹೇಳಿ ಅವನು ವಾಪಸ್ ಹೊರಡ್ತಾನೆ. ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೀತಾನೆ. ಅವನು ಕಪ್ಪು ಮನುಷ್ಯ. ಕಥೆ ಇಷ್ಟೇ.

1956ರಲ್ಲಿ ಇದನ್ನ ಮರುಮುದ್ರಿಸೋಕೆ ಹೋದಾಗ ಕೋಡ್ ಮುಖ್ಯಸ್ಥ ಚಾರ್ಲ್ಸ್ ಮರ್ಫಿ, ಗಗನಯಾತ್ರಿ ಕಪ್ಪಗಿರಬಾರದು ಅಂದರು. ಅಲ್ಲಾ ಸ್ವಾಮಿ, ಅವನು ಕಪ್ಪಗಿಲ್ಲದಿದ್ರೆ ಕಥೆಯೇ ಇಲ್ಲವಲ್ಲ! ಗೇನ್ಸ್ ಹಠ ಹಿಡಿದು, ಪತ್ರಿಕೆಯವರನ್ನ ಕರೀತೀನಿ ಅಂತ ಹೆದರಿಸಿ, ಇದ್ದ ಹಾಗೇ ಅಚ್ಚು ಹಾಕಿದ. ಅದೇ ಇ.ಸಿ.ಯ ಕೊನೇ ಕಾಮಿಕ್ ಪುಸ್ತಕ. ಉಳಿದದ್ದು ‘ಮ್ಯಾಡ್’ ಒಂದೇ, ಅದನ್ನ ಅದಕ್ಕೂ ಮೊದಲೇ ಮ್ಯಾಗಜೀನ್ ಮಾಡಿ ಕೋಡ್ ಕೈಯಿಂದ ತಪ್ಪಿಸಿದ್ದ.

ಬಣ್ಣಭೇದದ ವಿರುದ್ಧ ಕೋರ್ಟಲ್ಲಿ ನಿಂತ ಡಾಕ್ಟರ ಪುಸ್ತಕ ಎಬ್ಬಿಸಿದ ಗಾಳಿ, ಬಣ್ಣಭೇದದ ವಿರುದ್ಧದ ಒಂದು ಕಥೆಯ ಮೇಲೇ ಬಂದು ಬಿತ್ತು. ಆ ಕೋಡ್ ವರ್ಥಮ್‌ಗೂ ಇಷ್ಟ ಇರಲಿಲ್ಲ, ಅದನ್ನೂ ಹೇಳಬೇಕು.

(9)

ಅಮೆರಿಕದ ಕಥೆ ನಮಗ್ಯಾಕೆ ಅನ್ನೋರಿಗೆ.

ಅಮೆರಿಕದ ಹಾರರ್ ಕಾಮಿಕ್ಸ್ ಬ್ರಿಟನ್ನಿಗೂ ಹೋಗಿ, ಅಲ್ಲೂ ಗದ್ದಲ ಎದ್ದು, 1955ರಲ್ಲಿ ಅಲ್ಲಿ ಒಂದು ಕಾಯ್ದೆ ಬಂತು. ಮರುವರ್ಷ ದೆಹಲಿಯಲ್ಲಿ ನಮ್ಮ ಸಂಸತ್ತು ಅದೇ ಜಾಡಿನಲ್ಲಿ ಒಂದು ಮಾಡಿತು: ಯುವಜನರ ಹಾನಿಕಾರಕ ಪ್ರಕಟಣೆಗಳ ಕಾಯ್ದೆ, 1956. ಅಪರಾಧ, ಹಿಂಸೆ, ಕ್ರೌರ್ಯ, ಅಸಹ್ಯ ಅಥವಾ ಭಯಾನಕ ಘಟನೆಗಳನ್ನ ಚಿತ್ರಗಳೊಂದಿಗೋ ಚಿತ್ರಗಳಿಲ್ಲದೆಯೋ ಹೇಳಿ, ಓದಿದ ಎಳೆಯರನ್ನ ಕೆಡಿಸುವಂಥ ಪುಸ್ತಕ ಮಾರಿದ್ರೆ ಆರು ತಿಂಗಳವರೆಗೆ ಜೈಲು. ಎಳೆಯರು ಅಂದ್ರೆ ಯಾರು? 20 ವರ್ಷದ ಒಳಗಿನವರು. ಅಂದ್ರೆ ಇದನ್ನ ಓದ್ತಿರೋ ನಿಮ್ಮಲ್ಲಿ ಮುಕ್ಕಾಲು ಪಾಲು.

ನಮ್ಮ ಮನೆಗಳಲ್ಲಿ ಕಾಮಿಕ್ಸ್ ಅಂದ್ರೆ ಮುಖ ಸಿಂಡರಿಸೋದು, ಅಮರ ಚಿತ್ರ ಕಥೆ ಆದ್ರೆ ಪರವಾಗಿಲ್ಲ ಅನ್ನೋದು ಇದೆಯಲ್ಲ, ಅದರ ಬೇರು ಪೂರ್ತಿ ಇಲ್ಲೇ ಇದೆ ಅಂತ ನಾನು ಹೇಳಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ಅದನ್ನ ಶುರು ಮಾಡಿದಾಗ ‘ಚಿತ್ರಕಥೆಯಿಂದಲೂ ಮಕ್ಕಳು ಕಲೀತಾರೆ’ ಅಂತ ದೊಡ್ಡವರನ್ನ ಒಪ್ಪಿಸಬೇಕಿತ್ತು ಅನ್ನೋದು ಮಾತ್ರ ನಿಜ.

ನನ್ನದೇ ಒಂದು ಘಟನೆ. ಸೆಕೆಂಡ್ ಪಿಯುಸಿಯಲ್ಲಿದ್ದಾಗ ಹೊರಗಿನಿಂದ ಒಬ್ಬರು ಬಂದು ಅನಿಮೆ, ಮಂಗಾ, ಮೊಬೈಲ್ ಗೇಮ್ ಬಗ್ಗೆ ಭಾಷಣ ಮಾಡಿ, ಫಾರಂ ತುಂಬಿಸಿಕೊಂಡು ಹೋದರು. ನಾನು ಮನಸ್ಸಿಟ್ಟು ಬರೆದೆ. ಮಂಗಾ ನೋಡಿಯೇ ಕೈ ಬರೆಯೋದು, ಕಣ್ಣು ಬರೆಯೋದು ಕಲಿತೆ ಅಂತ, ಅಜ್ಜಿ ಹೋದ ವರ್ಷ ರಾತ್ರಿ ನಿದ್ದೆ ಬಾರದಾಗ ಅದನ್ನೇ ಓದ್ತಿದ್ದೆ ಅಂತ. ಹದಿನೈದು ದಿನಕ್ಕೆ ನೋಟಿಸ್ ಬೋರ್ಡಲ್ಲಿ ಒಂದು ಹಾಳೆ. ‘ರಾತ್ರಿಯಿಡೀ ಓದುವ ಚಟಕ್ಕೆ ಬಿದ್ದು ನಿದ್ದೆ ಕಳೆದುಕೊಂಡಿರುವ ವಿದ್ಯಾರ್ಥಿಗಳು’ ಅನ್ನೋ ಸಾಲಿತ್ತು. ನಿದ್ದೆ ಅನ್ನೋ ಪದ ನನ್ನದು. ಅಜ್ಜಿ ಇರಲಿಲ್ಲ. ಅದು ನನ್ನ ಫಾರಂ ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಏನೂ ಇಲ್ಲ, ಆದ್ರೆ ಮುಂದಿನ ಭಾಗ ಓದುವಾಗ ನನಗೆ ಯಾಕೆ ಮೈ ಉರೀತು ಅಂತ ನಿಮಗೆ ಗೊತ್ತಾಗುತ್ತೆ.

(10)

ವರ್ಥಮ್ 1981ರಲ್ಲಿ ತೀರಿಕೊಂಡರು. ಅವರ ಕಾಗದಪತ್ರಗಳು ಪೆಟ್ಟಿಗೆಗಟ್ಟಲೆ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಸಂಶೋಧಕರಿಗೆಲ್ಲ ಬಾಗಿಲು ತೆರೆದದ್ದು 2010ರಲ್ಲಿ.

ಇಲಿನಾಯ್ ವಿಶ್ವವಿದ್ಯಾಲಯದ ಕ್ಯಾರಲ್ ಟಿಲ್ಲಿ ಗ್ರಂಥಾಲಯ ವಿಜ್ಞಾನದ ಪ್ರಾಧ್ಯಾಪಕಿ. ಅವರು ಕೂತು ಪುಸ್ತಕದ ಸಾಲುಗಳನ್ನೂ ಪೆಟ್ಟಿಗೆಯ ಟಿಪ್ಪಣಿಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. 2012ರಲ್ಲಿ ಪ್ರಕಟಿಸಿದರು. ಹೊಂದಿಕೆ ಆಗಲಿಲ್ಲ.

ಬ್ಯಾಟ್‌ಮ್ಯಾನ್ ವಿಷಯ ನೋಡಿ. ಪುಸ್ತಕದಲ್ಲಿ ಒಬ್ಬ ಯುವಕ ಮಾತಾಡ್ತಾನೆ. ಟಿಪ್ಪಣಿಯಲ್ಲಿ ಇರೋದು ಇಬ್ಬರು, 16 ಮತ್ತು 17 ವರ್ಷದವರು. ಇಬ್ಬರ ಮಾತನ್ನ ಸೇರಿಸಿ ಒಬ್ಬನನ್ನ ಮಾಡಿದ್ದಾರೆ. ಅವರಿಬ್ಬರೂ ಆಗಲೇ ಕೆಲವು ವರ್ಷದಿಂದ ಜೊತೆಗಿದ್ದವರು. ಅವರು ಟಾರ್ಜಾನ್ ಬಗ್ಗೆ, ಸಬ್-ಮರೀನರ್ ಬಗ್ಗೆಯೂ ಹೇಳಿದ್ದರು. ಅದು ಪುಸ್ತಕಕ್ಕೆ ಬರಲೇ ಇಲ್ಲ.

ಇನ್ನೊಬ್ಬಳು ಡೊರೊಥಿ, ಪುಸ್ತಕದಲ್ಲಿ ಕೊಟ್ಟ ಹೆಸರು. 13 ವರ್ಷ. ಶಾಲೆ ತಪ್ಪಿಸ್ತಾಳೆ. ಪುಸ್ತಕ ಓದಿದ್ರೆ ಕಾಮಿಕ್ಸಿನ ಗಟ್ಟಿಗಿತ್ತಿ ನಾಯಕಿಯರೇ ಅವಳನ್ನ ಕೆಡಿಸಿದರು ಅನ್ಸುತ್ತೆ. ಟಿಪ್ಪಣಿಯಲ್ಲಿ ಇದ್ದದ್ದು: ಅವಳಿಗೆ ಓದೋದೇ ಕಷ್ಟ, ಮನೆ ಬಿಟ್ಟು ಓಡಿಹೋಗಿದ್ದಳು, ಒಂದು ಗ್ಯಾಂಗ್ ಜೊತೆ ಸೇರಿದ್ದಳು. ಇವೆಲ್ಲ ಹೋಯ್ತು. ಕಾಮಿಕ್ಸ್ ಉಳೀತು.

ಹೀಗೆ ಒಂದಲ್ಲ, ಹಲವು. ವಯಸ್ಸು ಬದಲು, ಮಾತಿನ ಜೋಡಣೆ ಬದಲು, ಒಬ್ಬರ ಮಾತು ಬೇರೆಯವರಿಗೆ ಹಂಚಿಕೆ. ಟಿಲ್ಲಿಗಿಂತ ಮುಂಚೆ ಬಾರ್ಟ್ ಬೀಟಿ 2005ರಲ್ಲಿ ವರ್ಥಮ್ ಬಗ್ಗೆಯೇ ಒಂದು ಪುಸ್ತಕ ಬರೆದು, ಅವರನ್ನ ಸುಮ್ಮನೆ ಖಳ ಮಾಡಬೇಡಿ, ಅವರ ಕಾಳಜಿ ನಿಜ ಅಂತ ವಾದಿಸಿದ್ದರು. ಎರಡನ್ನೂ ಇಟ್ಟುಕೊಂಡು ಯೋಚಿಸಿದೆ. ಕಾಳಜಿ ನಿಜ ಅಂತಲೇ ನನಗೂ ಅನ್ಸುತ್ತೆ. ಹಾರ್ಲೆಮ್‌ನ ಆ ಬಡ ಮಕ್ಕಳು ತಮ್ಮ ಕಷ್ಟ ಹೇಳ್ಕೊಳ್ಳೋಕೆ ಅಂತ ಬಂದು ಕೂತಿದ್ದು ಆ ಕಾಳಜಿಯ ಎದುರಿಗೇ. ಅದಕ್ಕೇ ಇದು ಇನ್ನೂ ಕೆಟ್ಟದ್ದು. ಡೊರೊಥಿಯ ನಿಜವಾದ ತೊಂದರೆಗಳು ಆ ಹಾಳೆಯಲ್ಲೇ ಇದ್ವು. ಅವಳ ಬಗ್ಗೆ ದೇಶವೇ ಓದಿತು, ಆದ್ರೆ ಓದೋಕೆ ಕಷ್ಟಪಡ್ತಿದ್ದ ಹುಡುಗಿಗೆ ಓದು ಕಲಿಸಿ ಅಂತ ಯಾರೂ ಹೇಳಲಿಲ್ಲ.

(11)

ಕೊನೇದು, ನಮ್ಮಂಥ ಅಭಿಮಾನಿಗಳ ಕಡೆ.

ಹಳೇ ಕಾಮಿಕ್ಸ್ ಸಂಗ್ರಹಿಸೋರು ಇಟ್ಟುಕೊಳ್ಳೋ ಓವರ್‌ಸ್ಟ್ರೀಟ್ ಬೆಲೆಪಟ್ಟಿಯಲ್ಲಿ, ವರ್ಥಮ್ ಪುಸ್ತಕದಲ್ಲಿ ಬಂದ ಸಂಚಿಕೆಗಳಿಗೆ ಪ್ರತ್ಯೇಕ ಗುರುತು ಇರುತ್ತೆ. ಅವರು ಬೈದ ಸಂಚಿಕೆಗೇ ಬೆಲೆ ಜಾಸ್ತಿ. ಆ ಕತ್ತರಿಸಿದ ಹಾಳೆ ಇರೋ ಮೂಲ ಪ್ರತಿ ಸಿಕ್ಕಿದ್ರಂತೂ ಕುಣಿದಾಡ್ತಾರೆ. ಕೋಡ್ ಕೂಡ ಹೋಯ್ತು. ಮಾರ್ವೆಲ್ 2001ರಲ್ಲಿ ಬಿಟ್ಟಿತು, ಡಿಸಿ ಮತ್ತು ಆರ್ಚಿ 2011ರಲ್ಲಿ.

ಇಲ್ಲಿವರೆಗೆ ಗೆದ್ದವರ ಹಾಗೆ ನಗಬಹುದು. ಆದ್ರೆ ವರ್ಥಮ್ 1973ರಲ್ಲಿ ಇನ್ನೊಂದು ಪುಸ್ತಕ ಬರೆದರು, ‘ದಿ ವರ್ಲ್ಡ್ ಆಫ್ ಫ್ಯಾನ್‌ಜೀನ್ಸ್’. ಫ್ಯಾನ್‌ಜೀನ್ ಅಂದ್ರೆ ಅಭಿಮಾನಿಗಳು ತಾವೇ ಬರೆದು, ಸೈಕ್ಲೋಸ್ಟೈಲ್ ಮಾಡಿ, ಅಂಚೆಯಲ್ಲಿ ಹಂಚ್ತಿದ್ದ ಪುಟ್ಟ ಪತ್ರಿಕೆಗಳು. ಸೈನ್ಸ್ ಫಿಕ್ಷನ್, ಕಾಮಿಕ್ಸ್, ಸಿನಿಮಾ ಹುಚ್ಚರ ಲೋಕ. ನಾವಿಲ್ಲಿ ಕ್ಯಾಪ್ಶನ್ ಬರೀತೀವಲ್ಲ, ಇದರ ಮುತ್ತಾತ. ಅವುಗಳನ್ನ ತರಿಸಿಕೊಂಡು, ಓದಿ, ಇದನ್ನ ಮಾಡೋ ಹುಡುಗರು ಲಾಭಕ್ಕೆ ಮಾಡ್ತಿಲ್ಲ, ಇವರ ಮಾತಲ್ಲಿ ಪ್ರಾಮಾಣಿಕತೆ ಇದೆ, ಮೆಚ್ಚಬೇಕಾದ್ದು ಅಂತ ಬರೆದರು. ಗೀಕ್‌ಗಳನ್ನ ಗಂಭೀರವಾಗಿ ಹೊಗಳಿದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಬರೆದದ್ದು ಇದೇ ಮನುಷ್ಯ, ವಯಸ್ಸು ಎಂಬತ್ತರ ಹತ್ತಿರ.

ನ್ಯೂಯಾರ್ಕಿನ ಕಾಮಿಕ್ಸ್ ಸಮ್ಮೇಳನಕ್ಕೆ ಅವರನ್ನ ಕರೆದರು. ಹೋದರು. ಅಭಿಮಾನಿಗಳು ಅನುಮಾನದಿಂದ ನೋಡಿದರು, ಕೂಗಿ ಅಡ್ಡಿ ಮಾಡಿದರು. ಅದಾದ ಮೇಲೆ ಅವರು ಕಾಮಿಕ್ಸ್ ಬಗ್ಗೆ ಬರೆಯಲಿಲ್ಲ. ಕೂಗಿದವರಲ್ಲಿ ಎಷ್ಟು ಜನ ಹೊಸ ಪುಸ್ತಕ ಓದಿದ್ದರೋ. ಹಳೇದನ್ನಾದ್ರೂ ಓದಿದ್ದರೋ. ನಾನು ಅಲ್ಲಿದ್ದಿದ್ರೆ, ಹೋದ ತಿಂಗಳ ನಾನು, ಗ್ಯಾರಂಟಿ ಕೂಗಿರ್ತಿದ್ದೆ.

ಹಳೇ ಪೋಸ್ಟನ್ನ ಡಿಲೀಟ್ ಮಾಡಿಲ್ಲ. ‘ಕಾಮಿಕ್ಸನ್ನ ಕೊಂದ ಮನುಷ್ಯ’ ಅನ್ನೋ ಸಾಲಿನ ಕೆಳಗೆ ‘ಇದನ್ನ ಬರೆದಾಗ ಪುಸ್ತಕ ಓದಿರಲಿಲ್ಲ’ ಅಂತ ಸೇರಿಸಿದ್ದೀನಿ. ಆ ಫಸ್ಟ್ ಇಯರ್ ಹುಡುಗಿಗೂ ಕೊನೆಗೂ ಉತ್ತರ ಕಳಿಸಿದೆ: ಈಗ ಓದಿದೆ ಕಣಮ್ಮ, ಎರಡನ್ನೂ. ಅವಳು ತಕ್ಷಣ ವಾಪಸ್ ಕೇಳಿದಳು: ‘ಹಾಗಾದ್ರೆ ಡೊರೊಥಿ ಆಮೇಲೆ ಏನಾದಳು ಅಣ್ಣಾ?’